ಬೆಂಗಳೂರಿನ ಜನಸಂಖ್ಯೆ: ಹುಟ್ಟಿದವರು, ಬಂದವರು, ಸೇರಿಸಿಕೊಂಡವರು

2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಲೆಕ್ಕಕ್ಕೆ ಸಿಕ್ಕವರು 43.01 ಲಕ್ಷ ಜನ. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ 84.43 ಲಕ್ಷ. ಎರಡನ್ನೂ ಅಕ್ಕಪಕ್ಕ ಬರೆದು ‘ಹತ್ತೇ ವರ್ಷದಲ್ಲಿ ಬೆಂಗಳೂರು ದುಪ್ಪಟ್ಟಾಯಿತು’ ಎನ್ನುವುದು ವಾಡಿಕೆಯಾಗಿಬಿಟ್ಟಿದೆ. ಅಂಕಿ ಎರಡೂ ಸರಿ, ಮಾತು ಮಾತ್ರ ತಪ್ಪು. ನಡುವೆ 2007ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಪಾಲಿಕೆಗೆ ಸೇರಿದವು. 226 ಚದರ ಕಿಲೋಮೀಟರ್ ಇದ್ದ ಪಾಲಿಕೆ 700 ದಾಟಿತು. ಬೊಮ್ಮನಹಳ್ಳಿ, ಮಹದೇವಪುರ, ಕೆ.ಆರ್. ಪುರ, ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರದ ಲಕ್ಷಾಂತರ ಜನ ಇದ್ದ ಮನೆಯಲ್ಲೇ ಇದ್ದುಕೊಂಡು ಬೆಂಗಳೂರಿಗರಾದರು.

ಗಡಿಯ ಕಣ್ಕಟ್ಟನ್ನು ತೆಗೆದು, ಊರು ಮತ್ತು ಅದಕ್ಕೆ ಅಂಟಿಕೊಂಡ ಬಡಾವಣೆಗಳನ್ನೆಲ್ಲ ಒಟ್ಟಾಗಿ ಹಿಡಿಯುವ ‘ನಗರ ಸಮೂಹ’ದ ಲೆಕ್ಕ ನೋಡಿದರೆ 2001ರಲ್ಲಿ ಸುಮಾರು 57 ಲಕ್ಷ, 2011ರಲ್ಲಿ ಸುಮಾರು 85 ಲಕ್ಷ. ಅಂದರೆ ಒಂದೂವರೆ ಪಟ್ಟು. ಇದೇನೂ ಸಣ್ಣದಲ್ಲ. ಆದರೆ ಒಂದೂವರೆ ಪಟ್ಟು ಬೆಳೆದ ಊರಿಗೆ ಬೇಕಾಗುವ ನೀರು, ಶಾಲೆ, ಬಸ್ಸುಗಳ ಲೆಕ್ಕವೇ ಬೇರೆ, ದುಪ್ಪಟ್ಟಾದ ಊರಿನದೇ ಬೇರೆ.

ಯಾವ ಊರೇ ಆಗಲಿ, ಅದರ ಜನಸಂಖ್ಯೆ ಹೆಚ್ಚುವುದು ಮೂರೇ ದಾರಿಯಲ್ಲಿ. ಹುಟ್ಟಿದವರು ಸತ್ತವರಿಗಿಂತ ಹೆಚ್ಚಿರಬೇಕು, ಇಲ್ಲವೇ ಬಂದವರು ಬಿಟ್ಟುಹೋದವರಿಗಿಂತ ಹೆಚ್ಚಿರಬೇಕು, ಅದೂ ಇಲ್ಲವಾದರೆ ಊರಿನ ಗಡಿ ಹಿಗ್ಗಬೇಕು. ನಾಲ್ಕನೆಯ ದಾರಿ ಇಲ್ಲ. ಐ.ಟಿ., ಬರಗಾಲ, ಮೆಟ್ರೋ, ಹವಾಮಾನ, ರಿಯಲ್ ಎಸ್ಟೇಟ್ ಎಂದು ನಾವು ಪಟ್ಟಿ ಮಾಡುವ ಕಾರಣಗಳೆಲ್ಲ ಈ ಮೂರರಲ್ಲಿ ಒಂದರ ಮೂಲಕವೇ ಕೆಲಸ ಮಾಡಬೇಕು. ಯಾವುದರ ಮೂಲಕ ಎಂದು ಕೇಳದೆ ಕಾರಣ ಹುಡುಕಹೊರಟರೆ ಸಿಗುವುದು ಬರೀ ಬೈಗುಳ. ‘ಹೊರಗಿನವರು ಬಂದು ತುಂಬಿಕೊಂಡರು’ ಎಂಬುದೂ ಅಂಥದ್ದೇ, ‘ಜನ ಹೆರುವುದು ನಿಲ್ಲಿಸಬೇಕು’ ಎಂಬುದೂ ಅಂಥದ್ದೇ.

ಬೆಂಗಳೂರಿನ ಮಟ್ಟಿಗೆ ಈ ಮೂರನ್ನು ಬೇರ್ಪಡಿಸುವುದು ಕಷ್ಟವಲ್ಲ. ಮೊದಲು ಗಡಿಯನ್ನು ಕಟ್ಟಿಹಾಕಬೇಕು. ಅದಕ್ಕೆ ಪಾಲಿಕೆಯನ್ನು ಬಿಟ್ಟು ಬೆಂಗಳೂರು ನಗರ ಜಿಲ್ಲೆಯನ್ನು ಹಿಡಿಯುವುದು ಸುಲಭದ ಉಪಾಯ, ಏಕೆಂದರೆ 2001 ಮತ್ತು 2011ರ ನಡುವೆ ಅದರ ಗಡಿ ಬದಲಾಗಲಿಲ್ಲ. 2007ರಲ್ಲಿ ಒಡೆದದ್ದು ಗ್ರಾಮಾಂತರ ಜಿಲ್ಲೆ. ಅದರಿಂದ ರಾಮನಗರ ಹುಟ್ಟಿತು. ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65,37,124, 2011ರಲ್ಲಿ 96,21,551. ಹೆಚ್ಚಿದ್ದು 30.84 ಲಕ್ಷ, ಶೇ 47.18. ಚಕ್ರಬಡ್ಡಿಯ ರೀತಿಯಲ್ಲಿ ನೋಡಿದರೆ ವರ್ಷಕ್ಕೆ ಶೇ 3.9ರಷ್ಟು. ಈ ವೇಗ ಹಾಗೇ ಉಳಿದರೆ ಹದಿನೆಂಟು ವರ್ಷಕ್ಕೆ ಜನ ಇಮ್ಮಡಿ.

ಇನ್ನು ಹುಟ್ಟು-ಸಾವಿನ ಪಾಲು. ದೇಶದ ಜನನ, ಮರಣ ಪ್ರಮಾಣವನ್ನು ವರ್ಷ ವರ್ಷ ಹೇಳುವ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ 2020ರಲ್ಲಿ ಭಾರತದ ನಗರಗಳಲ್ಲಿ ಸಾವಿರ ಜನರಿಗೆ 16.1 ಜನನ, 5.1 ಮರಣ, ಅಂದರೆ ಸಾವಿರಕ್ಕೆ 11ರ ಹೆಚ್ಚಳ. 2001-11ರ ದಶಕದಲ್ಲಿ ಇದು ತುಸು ಹೆಚ್ಚೇ ಇದ್ದಿರಬೇಕಾದ್ದರಿಂದ 12 ಎಂದಿಟ್ಟುಕೊಳ್ಳೋಣ. ದಶಕದ ಸರಾಸರಿ ಜನಸಂಖ್ಯೆ, ಅಂದರೆ 65.37 ಮತ್ತು 96.22ರ ನಡುವಿನದು, 80.8 ಲಕ್ಷ. ಇದನ್ನು ಸಾವಿರಕ್ಕೆ 12ರಂತೆ ಹತ್ತು ವರ್ಷಕ್ಕೆ ಗುಣಿಸಿದರೆ 9.7 ಲಕ್ಷ. ಒಟ್ಟು ಹೆಚ್ಚಳ 30.84ರಲ್ಲಿ ಇದನ್ನು ಕಳೆದರೆ ಉಳಿಯುವುದು 21 ಲಕ್ಷ. ಇದು ವಲಸೆಯ ಪಾಲು, ಬಂದವರಲ್ಲಿ ಹೋದವರನ್ನು ಕಳೆದು ಉಳಿದದ್ದು. ಮೂರರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು.

ಈ ಲೆಕ್ಕದಲ್ಲಿ ಒಂದು ಒಳಸುಳಿ ಇದೆ. ಬರುವವರಲ್ಲಿ ಹೆಚ್ಚಿನವರು ಹದಿನೆಂಟರಿಂದ ಮೂವತ್ತೈದರೊಳಗಿನವರು. ಅವರಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಗು ಹುಟ್ಟಿದರೆ ಅದು ‘ಸಹಜ ಹೆಚ್ಚಳ’ದ ಖಾತೆಗೆ ಹೋಗುತ್ತದೆ. ಅವರ ಅಪ್ಪ ಅಮ್ಮ ಊರಲ್ಲೇ ಉಳಿದು ಊರಲ್ಲೇ ತೀರಿಕೊಳ್ಳುತ್ತಾರೆ. ಆ ಸಾವು ಬೆಂಗಳೂರಿನ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ವಲಸೆಯೇ ಊರಿನ ಜನನ ಪ್ರಮಾಣವನ್ನು ಎತ್ತುತ್ತದೆ, ಮರಣ ಪ್ರಮಾಣವನ್ನು ಇಳಿಸುತ್ತದೆ. ಆ 9.7 ಲಕ್ಷದಲ್ಲೂ ವಲಸೆಯ ಕೈ ಇದ್ದೇ ಇದೆ.

ಹಾಗಾದರೆ ಹೆರಿಗೆಯ ಮಾತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ನಗರಗಳಲ್ಲಿ ಒಬ್ಬ ಹೆಣ್ಣುಮಗಳು ಜೀವಮಾನದಲ್ಲಿ ಹೆರುವ ಮಕ್ಕಳ ಸರಾಸರಿ 1.6. ಇಡೀ ಕರ್ನಾಟಕಕ್ಕೆ, ಹಳ್ಳಿ ಸೇರಿಸಿಯೇ, 1.7. ಒಂದು ತಲೆಮಾರು ತನ್ನಷ್ಟೇ ದೊಡ್ಡ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಲು 2.1 ಬೇಕು. ಈಗ ಹುಟ್ಟು ಸಾವಿಗಿಂತ ಹೆಚ್ಚಿರುವುದು ತಾಯಂದಿರ ವಯಸ್ಸಿನವರು ಊರಲ್ಲಿ ಬಹಳ ಮಂದಿ ಇರುವುದರಿಂದ ಅಷ್ಟೇ. ಬರುವವರು ನಿಂತುಹೋದರೆ ಬೆಂಗಳೂರು ಕೆಲವು ದಶಕಗಳಲ್ಲಿ ಕುಗ್ಗತೊಡಗುವ ಊರು. ನಗರದ ದಟ್ಟಣೆಗೆ ಕುಟುಂಬ ಯೋಜನೆಯನ್ನು ಮದ್ದೆಂದು ಇನ್ನೂ ಹೇಳುವವರು ಮೂವತ್ತು ವರ್ಷ ಹಿಂದಿನ ಪುಸ್ತಕ ಓದುತ್ತಿದ್ದಾರೆ.

ಬೆಂಗಳೂರು ಯಾವಾಗಲೂ ಒಂದೇ ಕಾರಣಕ್ಕೆ ಬೆಳೆದದ್ದಲ್ಲ. 1891ರಲ್ಲಿ ನಗರ ಮತ್ತು ದಂಡು ಪ್ರದೇಶ ಸೇರಿ 1.80 ಲಕ್ಷ ಇದ್ದ ಜನ 1901ಕ್ಕೆ 1.59 ಲಕ್ಷಕ್ಕೆ ಇಳಿದರು. 1898ರ ಪ್ಲೇಗು ಸಾಯಿಸಿದ್ದು ಒಂದು ಪಾಲು, ಓಡಿಸಿದ್ದು ಇನ್ನೊಂದು. ಇಕ್ಕಟ್ಟಿನ ಪೇಟೆಗಳಿಂದ ಜನರನ್ನು ಹೊರಗೆ ನೆಲೆಗೊಳಿಸಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದ್ದು ಆ ಕಾಲದಲ್ಲೇ. 1941ರಿಂದ 1951ರ ನಡುವೆ 4.11 ಲಕ್ಷದಿಂದ 7.86 ಲಕ್ಷ. ಇದು ಬರೀ ಗಡಿಯಾಟವಲ್ಲ, ಹಿಂದುಸ್ತಾನ್ ಏರ್‌ಕ್ರಾಫ್ಟ್ 1940ರಲ್ಲಿ ಶುರುವಾಗಿತ್ತು, ಯುದ್ಧಕಾಲ ಅದಕ್ಕೆ ಸಾವಿರಾರು ಕೈಗಳನ್ನು ತಂದಿತು, 1948ರಲ್ಲಿ ಟೆಲಿಫೋನು ಮಾಡುವ ಐ.ಟಿ.ಐ. ಬಂತು. ಆಮೇಲೆ ಯಂತ್ರೋಪಕರಣ, ಗಡಿಯಾರಗಳ ಎಚ್.ಎಂ.ಟಿ., ಎಲೆಕ್ಟ್ರಾನಿಕ್ಸ್‌ನ ಬಿ.ಇ.ಎಲ್., 1956ರಲ್ಲಿ ಏಕೀಕೃತ ರಾಜ್ಯದ ರಾಜಧಾನಿ ಪಟ್ಟ. 1971ರಿಂದ 81ರ ದಶಕದಲ್ಲಿ 16.5 ಲಕ್ಷ ಇದ್ದದ್ದು 29.2 ಲಕ್ಷವಾಯಿತು, ಶೇ 76ಕ್ಕೂ ಹೆಚ್ಚಿನ ನೆಗೆತ. ಇದರಲ್ಲಿ ಪೀಣ್ಯದ ಕಾರ್ಖಾನೆಗಳೂ ಇವೆ, ನಗರ ಸಮೂಹದ ಸರಹದ್ದು ಬಹಳ ಅಗಲವಾದದ್ದೂ ಇದೆ. ಐ.ಟಿ.ಯ ಮೊದಲ ದೊಡ್ಡ ವಿದೇಶಿ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಐ.ಟಿ. ಈ ಊರನ್ನು ‘ಹಾಳು ಮಾಡುವ’ ಮೊದಲೇ ಊರು ನಲವತ್ತು ವರ್ಷ ಓಡುತ್ತಲೇ ಇತ್ತು.

ಓಡಿಸಿದ್ದು ಕೆಲಸ. ಆದರೆ ‘ಕೆಲಸ ಇದೆ, ಬಂದರು’ ಎಂಬುದರಲ್ಲಿ ಅರ್ಧ ವಿವರ ಬಿಟ್ಟುಹೋಗುತ್ತದೆ. ಊರಿನ ಕೂಲಿಗೂ ನಗರದ ಕೂಲಿಗೂ ಇರುವ ವ್ಯತ್ಯಾಸ ದಿನದ ದರದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕೆಲಸ ಸಿಗುವ ದಿನಗಳಲ್ಲಿದೆ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ಮಳೆ ನಂಬಿದ ಹಳ್ಳಿಯಲ್ಲಿ ದಿನಕ್ಕೆ ₹400 ಕೂಲಿ, ವರ್ಷಕ್ಕೆ 120 ದಿನ ಕೆಲಸ. ಒಟ್ಟು ₹48,000. ಬೆಂಗಳೂರಿನ ಕಟ್ಟಡದಲ್ಲಿ ದಿನಕ್ಕೆ ₹700, ವರ್ಷಕ್ಕೆ 260 ದಿನ. ಒಟ್ಟು ₹1,82,000. ತಿಂಗಳಿಗೆ ₹4,000 ಬಾಡಿಗೆ ತೆಗೆದರೂ ₹1,34,000 ಉಳಿಯಿತು. ದರದ ವ್ಯತ್ಯಾಸ ಎರಡು ಪಟ್ಟೂ ಇಲ್ಲ. ಕೈಗೆ ಬಂದದ್ದರ ವ್ಯತ್ಯಾಸ ಸುಮಾರು ಮೂರು ಪಟ್ಟು. ಅದಕ್ಕೇ ಹಳ್ಳಿಯಲ್ಲಿ ದಿನಗೂಲಿ ನೂರು ರೂಪಾಯಿ ಏರಿದರೆ ವಲಸೆ ನಿಲ್ಲುವುದಿಲ್ಲ, ಎರಡನೇ ಬೆಳೆಗೆ ನೀರು ಬಂದರೆ ಕಡಿಮೆಯಾಗುತ್ತದೆ. ರಾಯಚೂರು ಜಿಲ್ಲೆಯೊಂದನ್ನೇ ನೋಡಿದರೂ ಇದು ಕಾಣುತ್ತದೆ. ತುಂಗಭದ್ರಾ ಕಾಲುವೆಯ ನೀರು ಸಿಗುವ ಸಿಂಧನೂರಿನ ಕಡೆಗೆ ಭತ್ತದ ನಾಟಿಗೆ ಹೊರಗಿನಿಂದ ಆಳುಗಳು ಬರುತ್ತಾರೆ. ನೀರು ಸಿಗದ ಹಳ್ಳಿಗಳವರು ತೊಗರಿ ಕಟಾವು ಮುಗಿದ ಮೇಲೆ ಗುಳೆ ಹೋಗುತ್ತಾರೆ.

ಹಿಡುವಳಿಯ ಗಾತ್ರವೂ ಇದಕ್ಕೆ ಸೇರಿಕೊಳ್ಳುತ್ತದೆ. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಸುಮಾರು ಮೂರು ಎಕರೆ ಹದಿನಾಲ್ಕು ಗುಂಟೆ. ಇಬ್ಬರು ಗಂಡುಮಕ್ಕಳಿಗೆ ಪಾಲಾದರೆ ತಲಾ ಒಂದೂ ಮುಕ್ಕಾಲು ಎಕರೆ ಸಹ ಬರುವುದಿಲ್ಲ. ಒಬ್ಬ ಊರಲ್ಲಿ ನಿಂತು ಇಡೀ ಹೊಲ ಮಾಡುತ್ತಾನೆ, ಇನ್ನೊಬ್ಬ ಹೊರಡುತ್ತಾನೆ. ಹೊರಟವನು ನಕ್ಷೆ ನೋಡಿ ಊರು ಆರಿಸುವುದಿಲ್ಲ. ಅವನ ಊರಿನ ಯಾರು ಎಲ್ಲಿದ್ದಾರೆ ಎಂದು ನೋಡುತ್ತಾನೆ. ಮೊದಲು ಹೋದವನ ರೂಮಿನಲ್ಲಿ ಎರಡು ವಾರ, ಅವನದೇ ಮೇಸ್ತ್ರಿಯ ಹತ್ತಿರ ಕೆಲಸ, ಆಮೇಲೆ ಅದೇ ವಠಾರದಲ್ಲಿ ಇನ್ನೊಂದು ರೂಮು. ಬಾಡಿಗೆ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಊರಿನಲ್ಲಿ ಕೈಯಲ್ಲಿ ದುಡ್ಡಿಲ್ಲದವನಿಗೆ ಬೇರೆ ಬಾಗಿಲು ತೆರೆಯುವುದಿಲ್ಲ. ಒಂದು ಹೋಬಳಿಯ ಹತ್ತಿಪ್ಪತ್ತು ಮನೆಯವರು ಬೆಂಗಳೂರಿನ ಒಂದೇ ಗಲ್ಲಿಯಲ್ಲಿ ಇರುವುದಕ್ಕೆ ಕಾರಣ ಇದು. ಸಾಫ್ಟ್‌ವೇರ್ ಹುಡುಗ ಹುಡುಗಿಯರು ತಮ್ಮ ಕಾಲೇಜಿನ ಸೀನಿಯರ್ ಇರುವ ಪಿ.ಜಿ. ಹುಡುಕುವುದೂ ಇದೇ ಬಗೆಯದು, ಬಾಡಿಗೆ ಮಾತ್ರ ಬೇರೆ. ಇಂಥ ಸರಪಳಿ ಒಮ್ಮೆ ಕಟ್ಟಿಕೊಂಡ ಮೇಲೆ ಮೊದಲ ಕಾರಣ ಮಾಯವಾದರೂ ವಲಸೆ ನಡೆಯುತ್ತಲೇ ಇರುತ್ತದೆ. ಎರಡು ವರ್ಷ ಒಳ್ಳೆಯ ಮಳೆಯಾಯಿತೆಂದು ಯಾರೂ ರೂಮು ಖಾಲಿ ಮಾಡುವುದಿಲ್ಲ.

ಜೊತೆಗೆ ಒಂದು ಕೆಲಸ ಇನ್ನೊಂದನ್ನು ಎಳೆದು ತರುತ್ತದೆ. ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಇನ್ನೂರು ಮನೆ ತುಂಬಿದರೆ ಮೂರು ಪಾಳಿಗೆ ಸೆಕ್ಯುರಿಟಿ, ಮನೆಗೆಲಸದವರು, ಅಡುಗೆಯವರು, ಪ್ಲಂಬರ್, ಇಸ್ತ್ರಿಯವರು, ಡೆಲಿವರಿ ಹುಡುಗರು, ಶಾಲೆಯ ವ್ಯಾನಿನ ಚಾಲಕರು ಎಲ್ಲರೂ ಬೇಕು. ಅವರಿಗೆ ಆ ಸಮುಚ್ಚಯದಲ್ಲಿ ಮನೆ ಇಲ್ಲ; ಎರಡು ಕಿಲೋಮೀಟರ್ ಆಚೆಯ ಹಳೇ ಹಳ್ಳಿಯ ಗಲ್ಲಿಯಲ್ಲಿ ಶೀಟಿನ ಮನೆ ಇದೆ. ಯೋಜನೆಯ ಕಡತದಲ್ಲಿ ಸಮುಚ್ಚಯದ ಇನ್ನೂರು ಕುಟುಂಬ ಬರುತ್ತದೆ, ಗಲ್ಲಿಯ ಜನ ಬರುವುದಿಲ್ಲ.

ವಲಸೆಯ ಕಾರಣ ತಿಳಿಯಲು ಜನಗಣತಿಯ ಕೋಷ್ಟಕ ತೆರೆದವರು ಒಂದು ಹೊಂಡಕ್ಕೆ ಬೀಳುವುದುಂಟು. ಕಾರಣಗಳ ಪಟ್ಟಿ ಹೀಗಿದೆ: ಕೆಲಸ, ವ್ಯಾಪಾರ, ಓದು, ಮದುವೆ, ಹುಟ್ಟಿದ ನಂತರ ಸ್ಥಳಾಂತರ, ಮನೆಯವರೊಂದಿಗೆ ಸ್ಥಳಾಂತರ, ಇತರೆ. ಒಬ್ಬರಿಗೆ ಒಂದೇ ಉತ್ತರ. ಮದುವೆಯಾಗಿ ಬೆಂಗಳೂರಿಗೆ ಬಂದು ಮೂರು ತಿಂಗಳಲ್ಲಿ ಗಾರ್ಮೆಂಟ್ಸ್ ಸೇರಿದ ಹೆಣ್ಣುಮಗಳು ಇಲ್ಲಿ ‘ಮದುವೆ’. ಮೈಸೂರು ರಸ್ತೆ, ಬೊಮ್ಮನಹಳ್ಳಿ, ಪೀಣ್ಯದ ಹೊಲಿಗೆ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಅವರನ್ನು ಕರೆತಂದದ್ದು ಗಂಡನೋ ಕಾರ್ಖಾನೆಯೋ? ಮದುವೆ ಮಾತುಕತೆಯಲ್ಲೇ ‘ಅಲ್ಲಿ ಇಬ್ಬರೂ ದುಡಿಯಬಹುದು’ ಎಂಬ ಲೆಕ್ಕ ನಡೆದಿರುತ್ತದೆ. ಕೋಷ್ಟಕದಲ್ಲಿ ಅದಕ್ಕೆ ಅಂಕಣವಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಬಂದವರೆಲ್ಲ ಬೇರೆ ರಾಜ್ಯದವರು ಎಂಬುದು. ತಮಿಳುನಾಡು, ಆಂಧ್ರ, ಕೇರಳ, ಈಚೆಗೆ ಬಿಹಾರ, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಮಿನಿಂದ ಬಂದವರು ನಿಜವಾಗಿಯೂ ಬಹಳ ಇದ್ದಾರೆ. ಆದರೆ 2011ರ ಗಣತಿಯಲ್ಲಿ ಬೆಂಗಳೂರಿಗೆ ಹೊರಗಿನಿಂದ ಬಂದವರಲ್ಲಿ ಹೆಚ್ಚಿನವರು ಕರ್ನಾಟಕದ ಇತರ ಜಿಲ್ಲೆಗಳವರೇ. ಯಾವ ಜಿಲ್ಲೆಗಳು ಎಂಬಲ್ಲೂ ನಮ್ಮ ಊಹೆ ಅರ್ಧ ತಪ್ಪು. ಉತ್ತರದ ಬರಪೀಡಿತ ಜಿಲ್ಲೆಗಳು ಖಾಲಿಯಾಗುತ್ತಿವೆ ಎಂದು ನಾವು ಅಂದುಕೊಂಡಿರುತ್ತೇವೆ. 2001-11ರಲ್ಲಿ ಯಾದಗಿರಿಯ ಜನಸಂಖ್ಯೆ ಶೇ 22ಕ್ಕೂ ಹೆಚ್ಚು ಬೆಳೆಯಿತು. ಕುಗ್ಗಿದ್ದು ಚಿಕ್ಕಮಗಳೂರು: 11.41 ಲಕ್ಷದಿಂದ 11.38 ಲಕ್ಷಕ್ಕೆ. ಕೊಡಗು ಶೇ 1ರ ಆಸುಪಾಸು, ಮಂಡ್ಯ ಮತ್ತು ಹಾಸನ ಶೇ 2-3ರಷ್ಟು ಮಾತ್ರ ಬೆಳೆದವು. ಯಾದಗಿರಿಯವರು ಬರುತ್ತಾರೆ, ಮಳೆಗೆ ಮುಂಚೆ ಮರಳುತ್ತಾರೆ. ಮನೆಯಲ್ಲಿ ಮಕ್ಕಳೂ ಹೆಚ್ಚು. ಮಲೆನಾಡು ಮತ್ತು ಹಳೇ ಮೈಸೂರಿನ ಕಡೆಯವರು ಓದಿ, ನೌಕರಿ ಹಿಡಿದು, ಸೈಟು ಕೊಂಡು ಇಲ್ಲೇ ಉಳಿಯುತ್ತಾರೆ. ಬಸ್ ನಿಲ್ದಾಣದಲ್ಲಿ ಗಂಟುಮೂಟೆಯೊಂದಿಗೆ ಕಾಣುವ ವಲಸೆ ಒಂದು, ಸದ್ದಿಲ್ಲದೆ ತೋಟದ ಮನೆಗೆ ಬೀಗ ಹಾಕಿಸುವ ವಲಸೆ ಇನ್ನೊಂದು. ಜಿಲ್ಲೆಯನ್ನು ಬರಿದು ಮಾಡುವುದು ಎರಡನೆಯದು.

ಗುಳೆ ಬಂದವರು ಲೆಕ್ಕಕ್ಕೆ ಸಿಗುತ್ತಾರೆಯೇ? ನಿಯಮದ ಪ್ರಕಾರ ಸಿಗಬೇಕು. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಮನೆಯಿಲ್ಲದವರನ್ನು 28ರ ರಾತ್ರಿ ಎಣಿಸಿದರು. ಮಾರ್ಚ್ 1ರಿಂದ 5ರವರೆಗೆ ಮತ್ತೊಮ್ಮೆ ಸರಿನೋಡಿದರು. ಆ ಅವಧಿ ಪೂರ್ತಿ ಮನೆಯಿಂದ ದೂರ ಇರುವವರನ್ನು ಅವರು ಇರುವ ಜಾಗದಲ್ಲೇ ಎಣಿಸಬೇಕು. ಫೆಬ್ರವರಿ ಎಂದರೆ ಗುಳೆಯ ನಡುಕಾಲ, ಹಾಗಾಗಿ ಅವರು ಬೆಂಗಳೂರಿನಲ್ಲೇ ಸಿಗಬೇಕು. ತೊಡಕು ಎಲ್ಲಿ ಎಂದರೆ, ಗಣತಿದಾರರ ಕೈಯಲ್ಲಿರುವ ಮನೆಪಟ್ಟಿ ತಯಾರಾದದ್ದು ತಿಂಗಳುಗಳ ಹಿಂದೆ. ಅಂದು ಖಾಲಿ ಸೈಟಾಗಿದ್ದಲ್ಲಿ ಈಗ ತಗಡಿನ ಇಪ್ಪತ್ತು ಶೆಡ್ಡು ಎದ್ದಿವೆ. ಅವಕ್ಕೆ ಮನೆ ನಂಬರಿಲ್ಲ. ಹಗಲಿಗೆ ಹೋದರೆ ಶೆಡ್ಡಿನಲ್ಲಿ ಚಿಕ್ಕ ಮಕ್ಕಳು ಬಿಟ್ಟು ಯಾರೂ ಇಲ್ಲ. ‘ನಮ್ಮ ಹೆಸರು ಊರಲ್ಲಿ ಬರೆಸಿದ್ದಾರೆ’ ಎಂದು ಅವರೇ ಹೇಳಿಬಿಟ್ಟರೆ ಗಣತಿದಾರರು ಮುಂದಿನ ಬಾಗಿಲಿಗೆ ಹೋಗುತ್ತಾರೆ. ಊರಲ್ಲಿ ಬರೆಸಿದ್ದು ರೇಷನ್ ಕಾರ್ಡಿಗೆ.

ಗಡಿಯ ಮಾತಿಗೆ ಮರಳಿದರೆ, ಅದು ಹಿಗ್ಗುವುದೂ ಎರಡು ಬಗೆ. ಸರ್ಕಾರ ಆದೇಶ ಹೊರಡಿಸಿ ಹಳ್ಳಿಯನ್ನು ಪಾಲಿಕೆಗೆ ಸೇರಿಸುವುದು ಒಂದು. ಹಳ್ಳಿಯೇ ಜನಗಣತಿಯ ಕಣ್ಣಲ್ಲಿ ಪಟ್ಟಣವಾಗಿಬಿಡುವುದು ಇನ್ನೊಂದು. ಅದಕ್ಕೆ ಮೂರು ಷರತ್ತು: ಕನಿಷ್ಠ 5,000 ಜನ, ಮುಖ್ಯ ದುಡಿಮೆಯ ಗಂಡಸರಲ್ಲಿ ಶೇ 75 ಮಂದಿ ಬೇಸಾಯದ ಹೊರಗೆ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ. ಹೀಗೆ ‘ಗಣತಿ ಪಟ್ಟಣ’ಗಳಾದ ಊರುಗಳು ದೇಶದಲ್ಲಿ 2001ರಲ್ಲಿ 1,362 ಇದ್ದವು, 2011ಕ್ಕೆ 3,894 ಆದವು. ಭಾರತದ ನಗರ ಜನಸಂಖ್ಯೆ ಆ ದಶಕದಲ್ಲಿ ಏರಿದ್ದರಲ್ಲಿ ದೊಡ್ಡ ಪಾಲು ಇಂಥವುಗಳದು. ಅಲ್ಲಿ ಯಾರೂ ಎಲ್ಲಿಗೂ ಹೋಗಲಿಲ್ಲ. ಗಣತಿ ಪಟ್ಟಣವನ್ನು ಆಳುವುದು ಆಗಲೂ ಗ್ರಾಮ ಪಂಚಾಯಿತಿಯೇ. ಒಳಚರಂಡಿಗೆ ಹಣವಿಲ್ಲ, ಎಂಜಿನಿಯರ್ ಇಲ್ಲ. ಬೆಂಗಳೂರಿನ ಅಂಚಿನಲ್ಲಿ ಇದು ಬಹಳ ದುಬಾರಿಯಾಗಿ ಪರಿಣಮಿಸಿದೆ: ಹೊಲ ಬಡಾವಣೆಯ ಮಂಜೂರಾತಿ ಇಲ್ಲದ ರೆವೆನ್ಯೂ ಸೈಟುಗಳಾಗಿ ಒಡೆಯುತ್ತದೆ, ಮನೆಗಳು ಏಳುತ್ತವೆ, ಹತ್ತು ವರ್ಷದ ನಂತರ ಪಾಲಿಕೆ ಬಂದಾಗ ಪೈಪು ಹಾಕಲು ರಸ್ತೆಯಲ್ಲಿ ಜಾಗ ಉಳಿದಿರುವುದಿಲ್ಲ.

ಗಡಿ ಒಂದಿಂಚೂ ಕದಲದೆ ಒಳಗೊಳಗೇ ಜನ ತುಂಬುವ ಬಗೆಯನ್ನು ಒಂದು 30×40 ಸೈಟಿನಲ್ಲಿ ನೋಡಬಹುದು. ಒಂದು ಎಕರೆ ಎಂದರೆ 43,560 ಚದರ ಅಡಿ. ರಸ್ತೆ, ಪಾರ್ಕು, ಶಾಲೆಯ ಜಾಗ ಬಿಟ್ಟು ಶೇ 55 ಸೈಟಿಗೆ ಸಿಕ್ಕಿತು ಎಂದುಕೊಂಡರೆ 1,200 ಚದರ ಅಡಿಯ ಇಪ್ಪತ್ತು ಸೈಟು ಆಗುತ್ತವೆ. ಸೈಟಿಗೊಂದು ಮನೆ, ಮನೆಗೆ ಐದು ಜನ ಎಂದು ಬಡಾವಣೆ ಹುಟ್ಟಿದಾಗಿನ ಲೆಕ್ಕ: ಎಕರೆಗೆ ನೂರು ಜನ. ಮೂವತ್ತು ವರ್ಷದ ನಂತರ ಹಳೇ ಮನೆ ಒಡೆದು ಮಾಲೀಕರು ನೆಲಮಹಡಿಯ ಮೇಲೆ ಮೂರು ಮಹಡಿ ಎಬ್ಬಿಸುತ್ತಾರೆ, ಮಹಡಿಗೆ ಎರಡು ಮನೆ. ಎಂಟು ಮನೆ, ಮನೆಗೆ ನಾಲ್ಕು ಜನ, ಸೈಟಿಗೆ 32. ಎಲ್ಲರೂ ಹೀಗೆ ಕಟ್ಟಿದರೆ ಎಕರೆಗೆ 640. ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಗರಗಳಿಗೆ ಬಳಸುವ ಮಾನದಂಡ; ಅದರಂತೆ ಒಂದೊಂದು ಕಟ್ಟಡಕ್ಕೆ 4,320 ಲೀಟರ್. ಕಾವೇರಿ ನೀರು ದಿನ ಬಿಟ್ಟು ದಿನ ಬಂದರೆ ಸಂಪು ಎಂಟೂವರೆ ಸಾವಿರ ಲೀಟರಿನದಾದರೂ ಇರಬೇಕು. ಹಳೇ ಮನೆಯ ಸಂಪು ಅದರ ಅರ್ಧವೂ ಇರುವುದಿಲ್ಲ. ಬಾರದ ದಿನ 12,000 ಲೀಟರಿನ ಟ್ಯಾಂಕರ್ ಮೂರು ದಿನಕ್ಕೂ ಸಾಲದು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತ ಅಂಥ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ ₹1,000 ಎಂದು ದರ ಕಟ್ಟಿತು.

ಬಳಸಿದ ನೀರಿನಲ್ಲಿ ಶೇ 80 ಚರಂಡಿಗೆ ಹೋಗುತ್ತದೆ ಎಂಬುದು ಇನ್ನೊಂದು ಮಾನದಂಡ. ಎಕರೆಗೆ 10,800 ಲೀಟರ್ ಹರಿಯಬೇಕಾಗಿದ್ದ ಒಳಚರಂಡಿಯಲ್ಲಿ ಈಗ 69,000 ಲೀಟರ್. ಪೈಪು ಅದೇ. ದಿನವಿಡೀ ಸಮನಾಗಿ ಹರಿದರೆ ತಡೆದುಕೊಳ್ಳಬಹುದಿತ್ತೋ ಏನೋ. ಬೆಳಗಿನ ಏಳರಿಂದ ಒಂಬತ್ತರೊಳಗೆ ಎಲ್ಲರೂ ಸ್ನಾನ ಮಾಡುತ್ತಾರೆ, ಮ್ಯಾನ್‌ಹೋಲ್ ಉಕ್ಕುವುದೂ ಆಗಲೇ. ಇದಕ್ಕೆ ‘ವಲಸೆ’ಯನ್ನು ಬೈದು ಪ್ರಯೋಜನವಿಲ್ಲ. ಎಂಟು ಮನೆಗೆ ಎಂಟು ಕರೆಂಟು ಮೀಟರ್ ಕೊಟ್ಟ ವ್ಯವಸ್ಥೆಗೆ ಚರಂಡಿಯ ಪೈಪು ಬದಲಿಸಬೇಕೆಂದು ಹೊಳೆಯಲಿಲ್ಲ. ಅತ್ತ ಹಳೇ ಪೇಟೆಯ ಗಲ್ಲಿಗಳಲ್ಲಿ ತದ್ವಿರುದ್ಧ ನಡೆದಿದೆ: ಮನೆಗಳು ಗೋದಾಮು, ಅಂಗಡಿಗಳಾಗಿ, ವಾಸದ ಜನ ಹೊರಬಡಾವಣೆಗೆ ಹೋದರು. ಹಗಲು ಕಾಲಿಡಲು ಜಾಗವಿಲ್ಲದ ಬೀದಿಯಲ್ಲಿ ರಾತ್ರಿ ಮಲಗುವವರು ಕಡಿಮೆ.

ನೀರು ತಂದದ್ದರಿಂದ ಊರು ಬೆಳೆಯಿತು, ತಾರದಿದ್ದರೆ ಬೆಳೆಯುತ್ತಿರಲಿಲ್ಲ ಎನ್ನುವವರಿದ್ದಾರೆ. ಕಾವೇರಿ ಮೊದಲ ಹಂತ 1974ರಲ್ಲಿ, ಆಮೇಲೆ 1982, 1993, ನಾಲ್ಕನೆಯದು ಎರಡು ಕಂತಿನಲ್ಲಿ 2002 ಮತ್ತು 2012, ಕೊನೆಗೆ 2024ರ ಅಕ್ಟೋಬರಿನಲ್ಲಿ ಐದನೇ ಹಂತ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ನೀರು ಅದು. ಈ ವರ್ಷಗಳ ಪಕ್ಕದಲ್ಲಿ ಜನಸಂಖ್ಯೆಯನ್ನಿಟ್ಟು ನೋಡಿದರೆ ಪ್ರತಿ ಸಲವೂ ಜನ ಮೊದಲು, ಪೈಪು ಆಮೇಲೆ. 110 ಹಳ್ಳಿಗಳು ಪಾಲಿಕೆಗೆ ಸೇರಿದ್ದು 2007ರಲ್ಲಿ. ಅವಕ್ಕೆಂದೇ ಮಾಡಿದ ದಿನಕ್ಕೆ 775 ದಶಲಕ್ಷ ಲೀಟರಿನ ಐದನೇ ಹಂತ ಬಂದದ್ದು ಹದಿನೇಳು ವರ್ಷದ ನಂತರ. ಅಷ್ಟು ವರ್ಷ ಬೋರ್‌ವೆಲ್ಲು, ಟ್ಯಾಂಕರುಗಳ ಮೇಲೆ ಅಲ್ಲಿನ ಜನಸಂಖ್ಯೆ ಏರುತ್ತಲೇ ಹೋಯಿತು. ನೀರಿನ ನಲ್ಲಿ ಮುಚ್ಚಿ ಊರಿನ ಬೆಳವಣಿಗೆ ನಿಲ್ಲಿಸಬಹುದು ಎಂಬ ಯೋಚನೆ ಬಡವರ ನೀರಿನ ಬೆಲೆ ಏರಿಸುತ್ತದೆ, ಅದಕ್ಕಿಂತ ಹೆಚ್ಚೇನೂ ಮಾಡದು.

ಹಾಗಾದರೆ ಮೂಲ ಎಲ್ಲಿದೆ? ಕರ್ನಾಟಕದ ಎರಡನೇ ಊರಿನಲ್ಲಿ. 2011ರಲ್ಲಿ ಬೆಂಗಳೂರು ನಗರ ಸಮೂಹ 85 ಲಕ್ಷ. ಮುಂದಿನ ಊರುಗಳಾದ ಮೈಸೂರು ಸಮೂಹ 9.9 ಲಕ್ಷ, ಹುಬ್ಬಳ್ಳಿ-ಧಾರವಾಡ 9.4 ಲಕ್ಷ. ಮೊದಲನೆಯದಕ್ಕೂ ಎರಡನೆಯದಕ್ಕೂ ಎಂಟೂವರೆ ಪಟ್ಟು ಅಂತರ. ತಮಿಳುನಾಡಿನಲ್ಲಿ ಚೆನ್ನೈ ಸಮೂಹ ಸುಮಾರು 87 ಲಕ್ಷ, ಕೊಯಮತ್ತೂರು 21 ಲಕ್ಷ. ಅಂತರ ನಾಲ್ಕು ಪಟ್ಟು, ಅದರ ಹಿಂದೆ ಮದುರೈ ಬೇರೆ ಇದೆ. ಕರ್ನಾಟಕದ ಒಟ್ಟು ನಗರವಾಸಿಗಳು 2.36 ಕೋಟಿ, ಅವರಲ್ಲಿ ಶೇ 36 ಮಂದಿ ಒಂದೇ ಊರಿನಲ್ಲಿ. ಇಡೀ ರಾಜ್ಯದ ಜನಸಂಖ್ಯೆ 2001-11ರಲ್ಲಿ ಹೆಚ್ಚಿದ್ದು 82 ಲಕ್ಷ. ಅದರಲ್ಲಿ 31 ಲಕ್ಷ ಬೆಂಗಳೂರು ನಗರ ಜಿಲ್ಲೆಗೇ ಬಂತು. ಈರೋಡಿನ ಹುಡುಗನಿಗೆ ತಿರುಪ್ಪೂರು, ಕೊಯಮತ್ತೂರು, ಚೆನ್ನೈ ಎಂದು ಮೂರು ಆಯ್ಕೆ ಇವೆ. ಹಾವೇರಿಯ ಹುಡುಗ ಹುಬ್ಬಳ್ಳಿಯನ್ನು ದಾಟಿ ಬರುವುದಲ್ಲ, ಹುಬ್ಬಳ್ಳಿಗೆ ಬೆನ್ನು ಹಾಕಿಯೇ ಬಸ್ಸು ಹತ್ತುತ್ತಾನೆ. ಕಲಬುರಗಿ, ಹುಬ್ಬಳ್ಳಿ, ಮಂಗಳೂರಿಗೆ ಐ.ಟಿ. ಪಾರ್ಕು ಕೊಟ್ಟರಾಯಿತು ಎಂಬುದು ಬೆಂಗಳೂರಿನಲ್ಲಿ ಕೂತವರ ಪರಿಹಾರ. ಬೆಂಗಳೂರೇ ಮೊದಲು ಬೆಳೆದದ್ದು ವಿಮಾನ, ಟೆಲಿಫೋನು, ಗಡಿಯಾರ ಮಾಡಿದ ಕಾರ್ಖಾನೆಗಳಿಂದ, ಅವುಗಳ ಸುತ್ತ ಹುಟ್ಟಿದ ಚಿಕ್ಕ ವರ್ಕ್‌ಶಾಪುಗಳಿಂದ, ಕ್ವಾರ್ಟರ್ಸ್‌ಗಳಿಂದ, ಶಾಲೆಗಳಿಂದ. ಐ.ಟಿ. ಬಂದದ್ದು ಆ ತಳಪಾಯದ ಮೇಲೆ.

ಇನ್ನು ಈಗ ಬೆಂಗಳೂರಿನಲ್ಲಿ ಎಷ್ಟು ಜನ ಇದ್ದಾರೆ ಎಂಬ ಪ್ರಶ್ನೆ. ಪತ್ರಿಕೆಗಳಲ್ಲಿ ಓದುವ 1.4 ಕೋಟಿ ಎಣಿಸಿದ ಅಂಕಿಯಲ್ಲ, ಹಳೇ ವೇಗವನ್ನು ಮುಂದಕ್ಕೆ ಎಳೆದದ್ದು. ಜಿಲ್ಲೆಯ 96.2 ಲಕ್ಷವನ್ನು 2011ರಿಂದ ಹದಿಮೂರು ವರ್ಷ ವರ್ಷಕ್ಕೆ ಶೇ 3ರಂತೆ ಬೆಳೆಸಿದರೆ 141 ಲಕ್ಷ. ಹಿಂದಿನ ದಶಕದ ಶೇ 3.9ರಂತೆಯೇ ಬೆಳೆಸಿದರೆ 158 ಲಕ್ಷ. ಶೇ 0.9ರ ಊಹೆಯ ವ್ಯತ್ಯಾಸ ಹತ್ತಿರ ಹತ್ತಿರ ಎರಡು ಹುಬ್ಬಳ್ಳಿ-ಧಾರವಾಡದಷ್ಟು ಜನರನ್ನು ಹುಟ್ಟಿಸುತ್ತದೆ, ಇಲ್ಲವೇ ಅಳಿಸುತ್ತದೆ. ಬೇರೆ ದಾಖಲೆಗಳಿಂದ ಅಂದಾಜು ಮಾಡುವವರು ಮನೆಬಳಕೆಯ ವಿದ್ಯುತ್ ಮೀಟರುಗಳನ್ನು ಎಣಿಸಿ, ಖಾಲಿ ಮನೆಗಳನ್ನು ಕಳೆದು, ಮನೆಗೆ ನಾಲ್ಕು ಜನರಂತೆ ಗುಣಿಸುತ್ತಾರೆ. ಯೂನಿಟ್ ಬಳಕೆ ತಿಂಗಳುಗಟ್ಟಲೆ ಸೊನ್ನೆಯಿದ್ದರೆ ಮನೆ ಖಾಲಿ ಎಂದು ಹಿಡಿಯುವುದು ಒಳ್ಳೆಯ ಕ್ರಮ. ಆದರೆ ಒಂದೇ ಮೀಟರಿನ ಪಿ.ಜಿ.ಯಲ್ಲಿ ನಲವತ್ತು ಜನ ಇರುತ್ತಾರೆ, ಶೆಡ್ಡುಗಳಿಗೆ ಮೀಟರೇ ಇಲ್ಲ. ಮತದಾರರ ಪಟ್ಟಿ ಇನ್ನೂ ಕೆಟ್ಟದ್ದು: ಊರಿನ ಓಟು ಬಿಡದವರು ಇಲ್ಲಿ ಕಾಣುವುದಿಲ್ಲ, ಮನೆ ಬದಲಿಸಿದವರು ಎರಡು ಕಡೆ ಕಾಣುತ್ತಾರೆ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ನಿಗದಿಯಾಗಿದೆ. ಅದರ ಅಂಕಿಯನ್ನು 2011ರದರ ಪಕ್ಕದಲ್ಲಿಡುವಾಗ ಗಡಿಯ ಗೊಂದಲ ಹಿಂದೆಂದಿಗಿಂತ ಹೆಚ್ಚಿರುತ್ತದೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಈಗ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಿವೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಆ ಹೆಸರಿನ ತಾಲೂಕು, ಲೋಕಸಭಾ ಕ್ಷೇತ್ರ ಮೊದಲೇ ಇದ್ದವು. ಈಗ ಪಾಲಿಕೆ, ಜಿಲ್ಲೆ ಎರಡೂ ಸೇರಿಕೊಂಡವು. ಹಾಗಾಗಿ ಮೊದಲು ಮಾಡಬೇಕಾದ್ದು, ಹೆಸರು ನೋಡದೆ ಗ್ರಾಮ ಮತ್ತು ವಾರ್ಡುಗಳ ಮಟ್ಟಕ್ಕೆ ಇಳಿದು 2011ರ ನಗರ ಜಿಲ್ಲೆಯ ಗಡಿಯೊಳಗಿನ ಜನರನ್ನು ಕೂಡುವುದು. ಎರಡನೆಯದು, ಆನೇಕಲ್ಲಿನಾಚೆ ಹೊಸೂರನ್ನೂ ನೋಡುವುದು. ಎಲೆಕ್ಟ್ರಾನಿಕ್ಸ್ ಸಿಟಿಗೆ ದುಡಿಯಲು ಬರುವ ಎಷ್ಟೋ ಜನ ಅಲ್ಲಿ ಮಲಗುತ್ತಾರೆ, ತಮಿಳುನಾಡಿನ ಲೆಕ್ಕಕ್ಕೆ ಹೋಗುತ್ತಾರೆ. ಮೂರನೆಯದು, 0-6 ವಯಸ್ಸಿನ ಮಕ್ಕಳ ಸಂಖ್ಯೆ. ಒಟ್ಟು ಜನ ಏರಿ ಈ ಮಕ್ಕಳ ಪಾಲು ಇಳಿದಿದ್ದರೆ ಬೆಳವಣಿಗೆ ಬಹುಪಾಲು ಬಂದವರದ್ದು ಎಂಬುದಕ್ಕೆ ಅದೊಂದು ಸುಳಿವು. ಯಾರು ಎಲ್ಲಿಂದ ಬಂದರು ಎಂಬ ವಲಸೆ ಕೋಷ್ಟಕಗಳಿಗೆ ಆತುರಪಡಬೇಕಿಲ್ಲ; 2011ರವು ಪೂರ್ತಿ ಹೊರಬಿದ್ದಾಗ 2019 ಆಗಿತ್ತು. ಅಲ್ಲಿಯವರೆಗೆ ಮೇಲಿನ ಕಳೆಯುವ ಲೆಕ್ಕವೇ ಸಾಕು, ಸಾವಿರಕ್ಕೆ 12 ಎಂಬಲ್ಲಿ ಆಯಾ ವರ್ಷದ ಹುಟ್ಟು-ಸಾವಿನ ಅಂಕಿ ಹಾಕಿಕೊಳ್ಳಬೇಕು, ಕೋವಿಡ್‌ನ ಎರಡು ವರ್ಷಗಳನ್ನು ಬೇರೆಯಾಗಿ ಹಿಡಿಯಬೇಕು.